ಬತ್ತಿದ ಹಸುವಿಗೂ ಹುಲ್ಲು

ಪ್ರಾರ್ಥನೆ ಬಾಯಿಗೆ ಬಾರದ, ಚರ್ಚಿನ ಮೆಟ್ಟಿಲು ಹತ್ತಲು ಕಾಲೇಳದ ದಿನಗಳು ಕ್ರೈಸ್ತ ವಿಶ್ವಾಸಿಗಳ ಬದುಕಿನಲ್ಲೂ ಬರುತ್ತವೆ. ಅವನ್ನು ದಾಟುವ ಬಗೆ ಹೇಗೆ? ಮಂಡ್ಯ ಸೀಮೆಯ ಅನುಭವದಿಂದ ಕೆಲವು ದಾರಿಗಳು.

ಬೆಳಗಿನ ಆರು ಗಂಟೆ. ಶಿವಪುರದ ಹಾಲಿನ ಡೈರಿ ಮುಂದೆ ಸಾಲು ನಿಂತಿದೆ. ಒಳಗೆ ಒಬ್ಬರು ಲ್ಯಾಕ್ಟೋಮೀಟರು ಅದ್ದಿ ಡಿಗ್ರಿ ನೋಡುತ್ತಾರೆ, ಇನ್ನೊಬ್ಬರು ಪಾಸ್‌ಬುಕ್ಕಿನಲ್ಲಿ ಲೀಟರು ಬರೆಯುತ್ತಾರೆ. ಸಾಲಿನಲ್ಲಿ ನಮ್ಮ ಚಿಕ್ಕವ್ವ. ಎಡಗೈಯಲ್ಲಿ ಅರ್ಧ ತುಂಬಿದ ಕ್ಯಾನು, ಬಲಗೈ ಸೆರಗಿನೊಳಗೆ. ಸಾಲು ಒಂದು ಹೆಜ್ಜೆ ಮುಂದೆ ಹೋದಾಗೆಲ್ಲ ಸೆರಗು ಸ್ವಲ್ಪ ಅಲುಗುತ್ತದೆ. ಒಳಗೆ ಬೆರಳು ಜಪಸರದ ಒಂದು ಮಣಿಯಿಂದ ಇನ್ನೊಂದಕ್ಕೆ ದಾಟಿರುತ್ತದೆ.

ಚಿಕ್ಕಪ್ಪ ತೀರಿಕೊಂಡು ಆಗ ನಾಲ್ಕು ತಿಂಗಳಾಗಿತ್ತು. "ಏನು ಬೇಡ್ಕೊಳ್ತಿದ್ದೀಯ ಚಿಕ್ಕವ್ವ?" ಎಂದು ಕೇಳಿದೆ.

"ಏನೂ ಇಲ್ಲ ಕಣ್ ಮಗ. ಬಾಯಿಗೆ ಒಂದ್ ಮಾತೂ ಬರಾಕಿಲ್ಲ. ನಿಮ್ ಚಿಕ್ಕಪ್ಪ ಹೋದ ಮ್ಯಾಕೆ ಆ ದೇವ್ರತ್ರ ಮಾತೇ ಬುಟ್ಟಿವ್ನಿ. ಸರ ಮಾತ್ರ ಬೆಳ್ಳಲ್ಲದೆ."

"ಮತ್ಯಾಕೆ ಹಿಡ್ಕೊಂಡಿದ್ದೀಯ?"

"ಕೆಂದಸ ಬತ್ತಿ ತಿಂಗ್ಳಾಯ್ತು. ಅಂಗಂತ ಹುಲ್ ಹಾಕದ ಬುಟ್ಟಿವ್ನಾ?"

ನಿರಾಶೆಯ ಕಾಲದಲ್ಲಿ ವಿಶ್ವಾಸ ಉಳಿಸಿಕೊಳ್ಳುವ ಬಗ್ಗೆ ಹಲವು ಪ್ರಸಂಗ ಕೇಳಿದ್ದೇನೆ. ಡೈರಿ ಸಾಲಿನಲ್ಲಿ ಕೇಳಿದ ಈ ಮಾತಿನಷ್ಟು ಕೆಲಸಕ್ಕೆ ಬಂದದ್ದು ಬೇರೆ ಇಲ್ಲ. ಮುಂದೆ ಬರೆಯುವುದೆಲ್ಲ ಅದರದೇ ವಿಸ್ತಾರ.

ಬತ್ತುವುದು ಎಂದರೇನು?

ಹಸು ಕಟ್ಟಿದವರಿಗೆ ಇದು ಗೊತ್ತು. ಕರು ಹಾಕಲು ಸುಮಾರು ಎರಡು ತಿಂಗಳಿರುವಾಗ ಹಾಲು ಕರೆಯುವುದನ್ನು ನಿಲ್ಲಿಸಿ ಹಸುವನ್ನು ಬತ್ತಿಸುತ್ತಾರೆ. ಕೆಚ್ಚಲಿಗೆ ವಿಶ್ರಾಂತಿ ಬೇಕು, ಒಡಲಿನ ಕರು ಬಲಿಯಬೇಕು. ಆ 60 ದಿನ ಪಾಸ್‌ಬುಕ್ಕಿನಲ್ಲಿ ಅದರ ಲೆಕ್ಕಕ್ಕೆ ಒಂದು ಲೀಟರೂ ಏರುವುದಿಲ್ಲ, ಮೇವಿನ ಖರ್ಚು ಮಾತ್ರ ನಿಲ್ಲುವುದಿಲ್ಲ. ಹಾಲಿಲ್ಲವೆಂದು ಆಗ ಮೇವು ಕಡಿಮೆ ಮಾಡಿದವರು ಮುಂದಿನ ಸೂಲಿನಲ್ಲಿ ಅದರ ಫಲ ಉಣ್ಣುತ್ತಾರೆ.

ವಿಶ್ವಾಸಕ್ಕೂ ಇಂಥ ತಿಂಗಳುಗಳಿವೆ ಎಂಬುದನ್ನು ಬೈಬಲ್ ಮುಚ್ಚಿಡುವುದಿಲ್ಲ. ಯೇಸುವನ್ನು ಜೋರ್ದಾನಿನಲ್ಲಿ ಗುರುತಿಸಿ ತೋರಿಸಿದ ಸ್ನಾನಿಕ ಯೋಹಾನನೇ ಸೆರೆಮನೆಗೆ ಬಿದ್ದ ಮೇಲೆ, ಬರಬೇಕಾದವನು ನೀನೇನಾ ಎಂದು ಶಿಷ್ಯರ ಕೈಲಿ ಕೇಳಿ ಕಳಿಸಿದ. ಯೇಸು ಅವನನ್ನು ಗದರಲಿಲ್ಲ. ಕಣ್ಣಾರೆ ಕಂಡದ್ದನ್ನು ಹೋಗಿ ತಿಳಿಸಿ ಎಂದಷ್ಟೇ ಹೇಳಿ, ಆ ಶಿಷ್ಯರು ಹೊರಟ ಮೇಲೆ ಜನರ ಮುಂದೆ ಯೋಹಾನನನ್ನು ಹೊಗಳಿದ. ನಮ್ಮ ಕಾಲದ ಮದರ್ ತೆರೇಸಾ ಹೆಚ್ಚುಕಡಿಮೆ 50 ವರ್ಷ ಪ್ರಾರ್ಥನೆಯಲ್ಲಿ ಕತ್ತಲನ್ನೇ ಕಂಡರು ಎಂಬುದು 2007ರಲ್ಲಿ ಅವರ ಪತ್ರಗಳು ಪುಸ್ತಕವಾದಾಗ ಲೋಕಕ್ಕೆ ತಿಳಿಯಿತು. ಆ 50 ವರ್ಷವೂ ಅವರು ಬೆಳಗ್ಗೆ ಎದ್ದು ಪೂಜೆಗೆ ಹೋಗಿ, ಆಮೇಲೆ ಕೋಲ್ಕತ್ತದ ಬೀದಿಗಳಿಗೆ ಇಳಿಯುತ್ತಿದ್ದರು.

ಆದ್ದರಿಂದ ಮೊದಲ ಸಲಹೆ: "ನನ್ನ ವಿಶ್ವಾಸ ಸತ್ತುಹೋಯಿತು" ಎಂಬ ತೀರ್ಪನ್ನು ನಿರಾಶೆಯ ನಡುವೆ ಕೊಟ್ಟುಕೊಳ್ಳಬೇಡಿ. ಬತ್ತಿದೆ ಎನ್ನಿ. ಅಷ್ಟು ಸಾಕು.

ಬೇರು ಎಲ್ಲಿದೆ, ಮೊದಲು ನೋಡಿ

ಹಸು ಹಾಲು ಕೊಡದಿರುವುದಕ್ಕೆ ಕಾರಣ ಬತ್ತಿಸಿರುವುದೂ ಇರಬಹುದು, ಕೆಚ್ಚಲು ಬಾವೂ ಇರಬಹುದು. ಎರಡಕ್ಕೂ ಒಂದೇ ಮದ್ದಲ್ಲ. ನಿರಾಶೆಗೂ ಹಾಗೆಯೇ.

ಒಂದು, ಕಾಯಿಲೆ. ಎರಡು ವಾರಕ್ಕೂ ಮೀರಿ ನಿದ್ದೆ ಕೆಟ್ಟಿದ್ದರೆ, ಊಟ ಸೇರದಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಬದುಕೇ ಬೇಡ ಎನಿಸುತ್ತಿದ್ದರೆ ಅದು ಖಿನ್ನತೆ ಇರಬಹುದು. ಅದಕ್ಕೆ ವೈದ್ಯರು ಬೇಕು. ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ಮನೆಯಿಂದಲೇ ಮಾತಾಡಬೇಕೆಂದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ವಿಶ್ವಾಸ ಇದ್ದರೆ ಮಾತ್ರೆ ಏಕೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಸುವಾರ್ತೆ ಬರೆದ ಲೂಕನೇ ವೈದ್ಯ.

ಎರಡು, ದುಃಖ. ಸಾವು, ಬೆಳೆನಷ್ಟ, ಸಾಲ, ಮುರಿದ ಮದುವೆ. ದುಃಖಕ್ಕೆ ಕಾಲ ಬೇಕು. ಇಷ್ಟು ದಿನದಲ್ಲಿ ಸರಿಹೋಗಬೇಕು ಎಂಬ ಗಡುವು ಹಾಕಬೇಡಿ.

ಮೂರು, ಸಭೆಯೊಳಗಿನ ಪೆಟ್ಟು. ಇದನ್ನು ಹೇಳಿಕೊಳ್ಳುವವರು ಕಡಿಮೆ. ಸಮಿತಿ ಚುನಾವಣೆಯ ಜಗಳ, ಕಾಣಿಕೆ ಹಣದ ಲೆಕ್ಕ, ಬಾಗಿಲಾಚೆ ಬಿಟ್ಟು ಬರಬೇಕಿದ್ದ ಜಾತಿ ಮುಂದಿನ ಬೆಂಚಿನಲ್ಲಿ ಕೂತಿರುವುದು. ಇಂಥ ಕಡೆ ಮುರಿದದ್ದು ಮನುಷ್ಯರ ಮೇಲಿನ ನಂಬಿಕೆ. ದೇವರ ಮೇಲಿನದೂ ಹೋಯಿತು ಎಂದು ಆಗ ಅನಿಸುತ್ತದೆ. ಎರಡನ್ನೂ ಬಿಡಿಸಿ ನೋಡಿ. ಸ್ವಲ್ಪ ಕಾಲ ಬೇರೆ ಚರ್ಚಿಗೆ ಹೋಗಿ ಬರುವುದರಲ್ಲಿ ತಪ್ಪಿಲ್ಲ. ಆದರೆ ನಡೆದದ್ದು ದೌರ್ಜನ್ಯವಾಗಿದ್ದರೆ, ಕ್ಷಮಿಸಿ ಪ್ರಾರ್ಥಿಸಿ ಎಂಬ ಮಾತಿಗೆ ಅದನ್ನು ಮುಗಿಸಬೇಡಿ. ಮೇಲಿನವರಿಗೆ ಬರೆದು ಕೊಡಿ, ಬೇಕಾದರೆ ಪೊಲೀಸರಿಗೂ ದೂರು ಕೊಡಿ.

ನಾಲ್ಕು, ಒಂಟಿತನ. ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ಊರಿಗೊಂದೋ ಎರಡೋ ಕ್ರೈಸ್ತ ಮನೆ. ಭಾನುವಾರ ಬಸ್ ಹಿಡಿದು ಪೇಟೆಗೆ ಹೋಗಬೇಕು. ಹಬ್ಬ ಹುಣ್ಣಿಮೆಯಲ್ಲಿ ಊರಿಗೆಲ್ಲ ಸಡಗರ; ಕ್ರಿಸ್ಮಸ್ ರಾತ್ರಿ ನಿಮ್ಮ ಮನೆಯ ಗೋದಲಿಗೆ ಮಾತ್ರ ದೀಪ. ಇದಕ್ಕೆ ಮದ್ದು ಜೊತೆಗಾರರು. ಆ ಮಾತು ಮುಂದೆ ಬರುತ್ತದೆ.

ಮೊದಲು ರೊಟ್ಟಿ, ಆಮೇಲೆ ಮಾತು

ಅರಸುಗಳು ಮೊದಲನೆಯ ಗ್ರಂಥದ 19ನೇ ಅಧ್ಯಾಯವನ್ನು ನಿಧಾನವಾಗಿ ಓದಿ. ಈಜೆಬೆಲ್ ರಾಣಿಗೆ ಹೆದರಿ ಓಡಿದ ಪ್ರವಾದಿ ಎಲೀಯ ಬೆಂಗಾಡಿನ ಒಂದು ಗಿಡದ ಕೆಳಗೆ ಕೂತು ಸಾವು ಬೇಡುತ್ತಾನೆ. ಅಲ್ಲಿಗೆ ಬಂದ ದೂತ ಉಪದೇಶ ಮಾಡುವುದಿಲ್ಲ. ನಿದ್ದೆಹೋದವನನ್ನು ತಟ್ಟಿ ಎಬ್ಬಿಸಿ ಊಟ ಮಾಡು ಎನ್ನುತ್ತಾನೆ. ನೋಡಿದರೆ ತಲೆಯ ಹತ್ತಿರ ಬಿಸಿ ಕಲ್ಲಿನ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ಉಂಡು ಮತ್ತೆ ಮಲಗುತ್ತಾನೆ. ದೂತ ಎರಡನೇ ಸಲ ಎಬ್ಬಿಸುತ್ತಾನೆ, ಮತ್ತೆ ಊಟ. ದೇವರ ಜೊತೆಗಿನ ಮಾತುಕತೆ ನಡೆಯುವುದು 40 ದಿನ ನಡೆದು ಹೋರೇಬ್ ಬೆಟ್ಟ ತಲುಪಿದ ಮೇಲೆ.

ಈ ಕ್ರಮ ನೆನಪಿಡಿ: ನಿದ್ದೆ, ಊಟ, ನಡಿಗೆ, ಆಮೇಲೆ ಮಾತು. ಮನಸ್ಸು ಕುಸಿದಿರುವಾಗ ಉಪವಾಸ ಪ್ರಾರ್ಥನೆಗೂ ರಾತ್ರಿಯಿಡೀ ಜಾಗರಣೆಗೂ ಕೂರಬೇಡಿ. ಹೊತ್ತಿಗೆ ಸರಿಯಾಗಿ ಬಿಸಿ ಮುದ್ದೆ ಉಣ್ಣಿ. ಸಂಜೆ ಶಿಂಷೆಯ ಕಡೆಗೋ ನಾಲೆ ಏರಿಯ ಮೇಲೋ ಅರ್ಧ ಗಂಟೆ ನಡೆಯಿರಿ. ಅದೂ ಸಾಧನೆಯೇ.

ಮಾತು ಬಾರದಾಗ ಮಾತು ಸಾಲ ತನ್ನಿ

ದೊಡ್ಡ ಪ್ರಾರ್ಥನೆ ಆಗದಿದ್ದರೆ ಚಿಕ್ಕದು ಮಾಡಿ. ಅದೂ ಆಗದಿದ್ದರೆ ಬೇರೆಯವರು ಮಾಡಿಟ್ಟದ್ದನ್ನು ತೆಗೆದುಕೊಳ್ಳಿ. ಕೀರ್ತನೆಗಳ ಗ್ರಂಥ ಇರುವುದೇ ಇದಕ್ಕೆ. ಅದರ 150 ಕೀರ್ತನೆಗಳಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಗೋಳು, ದೂರು, ಜಗಳ. ದೇವರನ್ನು ತರಾಟೆಗೆ ತೆಗೆದುಕೊಂಡ ಮಾತುಗಳನ್ನೂ ಪವಿತ್ರ ಎಂದು ಎತ್ತಿಟ್ಟುಕೊಂಡ ಧರ್ಮ ನಮ್ಮದು. ಹಾಗಾಗಿ ದೂರು ಹೇಳಲು ಹೆದರಬೇಡಿ. ಈ ಪಟ್ಟಿಯನ್ನು ಬೈಬಲ್ಲಿನ ಹಿಂಬದಿಯಲ್ಲಿ ಬರೆದಿಟ್ಟುಕೊಳ್ಳಿ:

• ಕಾದು ಕಾದು ಸಾಕಾಗಿದ್ದರೆ: ಕೀರ್ತನೆ 13. ಆರೇ ವಚನ.
• ದೇವರೇ ಕೈಬಿಟ್ಟ ಎನಿಸಿದರೆ: 22. ಯೇಸು ಶಿಲುಬೆಯ ಮೇಲೆ ಕೂಗಿದ್ದು ಇದರದೇ ಮೊದಲ ಮಾತು.
• ಹಿಂದೆ ಚರ್ಚಿಗೆ ಸಂತೋಷದಿಂದ ಹೋಗುತ್ತಿದ್ದದ್ದು ನೆನಪಾಗಿ ಅಳು ಬಂದರೆ: 42.
• ತಪ್ಪು ಮಾಡಿ ಮುಖ ತೋರಿಸಲು ನಾಚಿಕೆಯಾದರೆ: 51.
• ಮೋಸ ಮಾಡಿದವರು ಚೆನ್ನಾಗಿದ್ದಾರೆ, ನಾನೇ ಕೆಟ್ಟೆ ಎಂದು ಹೊಟ್ಟೆ ಉರಿದರೆ: 73.
• ಏನೂ ಬೆಳಕಿಲ್ಲದಿದ್ದರೆ: 88. ಇದು ಕತ್ತಲಲ್ಲೇ ಮುಗಿಯುತ್ತದೆ, ಕೊನೆಗೊಂದು ಸಮಾಧಾನದ ವಾಕ್ಯವನ್ನೂ ಅಂಟಿಸುವುದಿಲ್ಲ.
• ಊರು ಬಿಟ್ಟು ಪ್ರಯಾಣ ಹೊರಟರೆ: 121.

ದಿನಕ್ಕೊಂದು ಸಾಕು. ಕಣ್ಣಲ್ಲಿ ಓದುವ ಬದಲು ಬಾಯಿಬಿಟ್ಟು ಓದಿ. ಓದಲೂ ಆಗದಿದ್ದರೆ ಚಿಕ್ಕವ್ವನ ಹಾಗೆ ಜಪಸರ ಹಿಡಿದುಕೊಳ್ಳಿ. ಜಪಸರದ ಅಭ್ಯಾಸವಿಲ್ಲದ ಸಭೆಯವರಾದರೆ, ಕಾಯಿಲೆಯ ಮಗನನ್ನು ಯೇಸುವಿನ ಬಳಿ ತಂದ ಅಪ್ಪನ ಪ್ರಾರ್ಥನೆಯನ್ನು ಮಾರ್ಕನ 9ನೇ ಅಧ್ಯಾಯದಲ್ಲಿ ಹುಡುಕಿ. ನಂಬಿಕೆ ಇದೆ ಎಂದೂ, ಇಲ್ಲದ್ದಕ್ಕೆ ನೀನೇ ಸಹಾಯ ಮಾಡು ಎಂದೂ ಒಂದೇ ಉಸಿರಿನಲ್ಲಿ ಕೂಗಿದವನು ಅವನು. ಆ ಮಗನಿಗೆ ಗುಣವಾಯಿತು.

ಗಂಜಾಂನ ಲೆಕ್ಕ

ಶಿವಪುರದಿಂದ ಮೈಸೂರು ರಸ್ತೆ ಹಿಡಿದು ಒಂದು ಗಂಟೆ ಹೋದರೆ ಶ್ರೀರಂಗಪಟ್ಟಣ. ಅಲ್ಲಿಯ ಗಂಜಾಂನಲ್ಲಿ ಅಬ್ಬೆ ದುಬಾಯ್ ಹೆಸರಿನಲ್ಲಿ ಕರೆಯುವ ಹಳೆಯ ಚರ್ಚಿದೆ. ನಿರಾಶೆಯ ವಿಷಯಕ್ಕೆ ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತ ಒಳ್ಳೆಯ ಪಾಠಶಾಲೆ ನಾನು ಕಂಡಿಲ್ಲ.

1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕಥೋಲಿಕರು ಸೆರೆಯಾಗಿ ಘಟ್ಟ ಹತ್ತಿ ಶ್ರೀರಂಗಪಟ್ಟಣಕ್ಕೆ ಬಂದರು. 1799ರ ಮೇ 4ರಂದು ಕೋಟೆ ಬೀಳುವವರೆಗೆ 15 ವರ್ಷ. ಗುರುಗಳನ್ನು ಗಡೀಪಾರು ಮಾಡಲಾಗಿತ್ತು. ಕೆಲವರು ಸತ್ತರು, ಕೆಲವರು ಮತ ಬದಲಿಸಬೇಕಾಯಿತು. ಬಿಡುಗಡೆಯಾದಾಗ ಉಳಿದವರಲ್ಲಿ ಬಹಳಷ್ಟು ಮಂದಿ ಮತ್ತೆ ಕರಾವಳಿಯ ದಾರಿ ಹಿಡಿದು, ಹಾಳುಬಿದ್ದ ಊರುಗಳಲ್ಲಿ ಮನೆಯನ್ನೂ ಇಗರ್ಜಿಯನ್ನೂ ಹೊಸದಾಗಿ ಕಟ್ಟಿಕೊಂಡರು.

ಇತ್ತ ಮೈಸೂರು ಸೀಮೆಯಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಕೂಡಿಸಲು ಬಂದವರು ಫ್ರೆಂಚ್ ಗುರು ಅಬ್ಬೆ ದುಬಾಯ್. ಪ್ಯಾರಿಸ್ ವಿದೇಶಿ ಮಿಷನ್ ಸಂಘದವರು, 1792ರಲ್ಲಿ ಫ್ರಾನ್ಸ್ ಬಿಟ್ಟವರು. ಇಲ್ಲಿಯವರ ಉಡುಗೆ ಉಟ್ಟರು, ಊಟ ಉಂಡರು. ಜನ ಅವರನ್ನು ದೊಡ್ಡಸ್ವಾಮಿ ಎಂದು ಕರೆದರು. ಇಲ್ಲಿಯ ರೀತಿ ನೀತಿಗಳ ಬಗ್ಗೆ ಅವರು ಬರೆದ ದೊಡ್ಡ ಗ್ರಂಥದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ ಕೊಂಡುಕೊಂಡಿತು.

ಇಷ್ಟೆಲ್ಲ ಆದ ಮೇಲೂ ಅವರ ಮನಸ್ಸು ಒಳಗೇ ಕುಸಿದಿತ್ತು. 1823ರಲ್ಲಿ ಭಾರತ ಬಿಟ್ಟು ಹೋದರು. ಅದೇ ವರ್ಷ ಲಂಡನ್ನಿನಲ್ಲಿ ಅಚ್ಚಾದ ಅವರ ಪತ್ರಗಳ ಪುಸ್ತಕದಲ್ಲಿ ತಮ್ಮ ಲೆಕ್ಕ ತಾವೇ ಒಪ್ಪಿಸಿದರು: 25 ವರ್ಷ ದುಡಿದದ್ದಕ್ಕೆ ಹೊಸದಾಗಿ ಸೇರಿದವರು 200ರಿಂದ 300 ಮಂದಿ. ಆ ನೆಲದಲ್ಲಿ ಈ ಕೆಲಸ ಫಲಿಸುವುದಿಲ್ಲ ಎಂಬುದು ಅವರ ತೀರ್ಮಾನ. ಜೇಮ್ಸ್ ಹಫ್‌ರಂಥ ಪ್ರಾಟೆಸ್ಟಂಟ್ ಪಾದ್ರಿಗಳು ಅದಕ್ಕೆ ಉತ್ತರವಾಗಿ ಪುಸ್ತಕಗಳನ್ನೇ ಬರೆದರು.

ಆದರೆ ಅದೇ ದುಬಾಯ್ ಇನ್ನೊಂದು ಕೆಲಸವನ್ನೂ ಮಾಡಿದ್ದರು. ಸಿಡುಬು ಊರೂರನ್ನೇ ಗುಡಿಸಿಹಾಕುತ್ತಿದ್ದ ಕಾಲ. ಎಡ್ವರ್ಡ್ ಜೆನ್ನರ್ ಹಸುವಿನ ಸಿಡುಬಿನಿಂದ ಲಸಿಕೆ ಕಂಡುಹಿಡಿದದ್ದು 1796ರಲ್ಲಿ. ಅದಾಗಿ ಹತ್ತು ವರ್ಷವೂ ತುಂಬುವ ಮೊದಲೇ, 1803–04ರ ಹೊತ್ತಿಗೆ, ದುಬಾಯ್ ಮೈಸೂರು ಸೀಮೆಯಲ್ಲಿ ಆ ಲಸಿಕೆ ಹಾಕಿಸುತ್ತಿದ್ದರು. ದಾಖಲೆಯಲ್ಲಿರುವ ಸಂಖ್ಯೆ 25,432. ಮತ ಬದಲಿಸಿದವರ ಲೆಕ್ಕ ಮುನ್ನೂರು ದಾಟಲಿಲ್ಲ ಎಂದು ಕೊರಗಿದ ಮನುಷ್ಯ, ತಾನು ಉಳಿಸಿದ ಜೀವಗಳ ಲೆಕ್ಕವನ್ನು ಆ ತಕ್ಕಡಿಯಲ್ಲಿ ಇಡಲಿಲ್ಲ.

ಇದರಿಂದ ನಮಗೆ ಎರಡು ಪಾಠ. ಮನಸ್ಸು ಕುಗ್ಗಿದಾಗ ಫಲದ ಲೆಕ್ಕಕ್ಕೆ ಕೂರಬಾರದು. ಆ ಹೊತ್ತು ಕೈಗೆ ಸಿಗುವುದು ಚಿಕ್ಕ ಸಂಖ್ಯೆಯೇ. ಎರಡನೆಯದು, ಬಾಯಿಗೆ ಪ್ರಾರ್ಥನೆ ಬಾರದ ದಿನ ಕೈಗೊಂದು ಕೆಲಸ ಕೊಡಬೇಕು. ಆಸ್ಪತ್ರೆಯಲ್ಲಿರುವ ನೆರೆಮನೆಯವರಿಗೆ ಬುತ್ತಿ ಒಯ್ಯಿರಿ. ಮುದುಕರೊಬ್ಬರ ಪಿಂಚಣಿ ಅರ್ಜಿ ತುಂಬಿಕೊಡಿ. ಬೀದಿಯ ಮಕ್ಕಳಿಗೆ ಸಂಜೆ ಒಂದು ಗಂಟೆ ಲೆಕ್ಕ ಹೇಳಿಕೊಡಿ. ಅವರು ಯಾವ ಜಾತಿ, ಯಾವ ಧರ್ಮ ಎಂದು ನೋಡಬೇಡಿ, ಪ್ರತಿಯಾಗಿ ಏನನ್ನೂ ನಿರೀಕ್ಷಿಸಬೇಡಿ.

ಒಬ್ಬರೇ ಹೊರಬೇಡಿ

ಶಿವಪುರದವರಿಗೆ ಈ ಪಾಠ ಹೊಸತಲ್ಲ. ಹೆದ್ದಾರಿ ಪಕ್ಕದ ಸತ್ಯಾಗ್ರಹ ಸೌಧ ಅದನ್ನೇ ಹೇಳುತ್ತದೆ. 1938ರ ಏಪ್ರಿಲ್‌ನಲ್ಲಿ ಇಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿದಾಗ ಧ್ವಜ ಹಾರಿಸಬಾರದೆಂದು ಸರ್ಕಾರದ ನಿಷೇಧಾಜ್ಞೆ ಇತ್ತು. ಆದರೂ ಹಾರಿಸಿದರು. ಅಧ್ಯಕ್ಷ ಟಿ. ಸಿದ್ಧಲಿಂಗಯ್ಯನವರೂ ಇತರ ಮುಂದಾಳುಗಳೂ ಬಂಧನಕ್ಕೊಳಗಾದರು. ಒಬ್ಬರನ್ನು ಹಿಡಿದೊಯ್ದರೆ ಇನ್ನೊಬ್ಬರು ಮುಂದೆ ಬಂದರು. ಧ್ವಜ ಒಬ್ಬರ ಕೈಯದಾಗಿದ್ದರೆ ಅಂದೇ ಕೆಳಗಿಳಿಯುತ್ತಿತ್ತು.

ವಿಶ್ವಾಸವೂ ಒಬ್ಬರ ಕೈಯದಲ್ಲ. ಮಾರ್ಕನ 2ನೇ ಅಧ್ಯಾಯದಲ್ಲಿ ಪಾರ್ಶ್ವವಾಯು ಹೊಡೆದವನನ್ನು ನಾಲ್ವರು ಹೊತ್ತು ತಂದು, ಮನೆಯ ಮಾಳಿಗೆ ಬಿಚ್ಚಿ ಕೆಳಗಿಳಿಸುತ್ತಾರೆ. ಹಾಸಿಗೆಯ ಮೇಲಿದ್ದವನು ಒಂದು ಮಾತೂ ಆಡುವುದಿಲ್ಲ. ಯೇಸು ಕಂಡದ್ದು ಹೊತ್ತು ತಂದವರ ನಂಬಿಕೆಯನ್ನೂ ಸೇರಿಸಿ. ತೋಮನ ಕಥೆಯನ್ನೂ ಹೀಗೇ ಓದಿ. ಮೊದಲ ಭಾನುವಾರ ಅವನು ಗುಂಪಿನಲ್ಲಿರಲಿಲ್ಲ. ಉಳಿದವರು ಹೇಳಿದ್ದನ್ನು ನಂಬಲೂ ಇಲ್ಲ. ಆದರೆ ಎಂಟು ದಿನದ ಮೇಲೆ, ಸಂಶಯವನ್ನು ಜೇಬಲ್ಲಿಟ್ಟುಕೊಂಡೇ, ಅವರ ಜೊತೆ ಆ ಮನೆಯೊಳಗಿದ್ದ. ಯೇಸು ಅವನಿಗೆ ಸಿಕ್ಕಿದ್ದು ಅಲ್ಲಿ.

ಹಾಗಾಗಿ ಇಬ್ಬರು ಅಥವಾ ಮೂವರನ್ನು ಆರಿಸಿಕೊಳ್ಳಿ. ಫಾದರ್, ಸಿಸ್ಟರ್, ಸಭಾಪಾಲಕರು ಅಥವಾ ಬಾಯಿ ಬಿಗಿಯಿರುವ ಒಬ್ಬ ಗೆಳೆಯ. "ನನಗೀಗ ಪ್ರಾರ್ಥನೆ ಆಗ್ತಿಲ್ಲ, ನನ್ನ ಪಾಲಿಂದು ನೀವು ಮಾಡಿ" ಎಂದು ನೇರವಾಗಿ ಕೇಳಿ. ಪೇಟೆಯ ಚರ್ಚು ದೂರವಾದರೆ ಹತ್ತಿರದ ಎರಡು ಮೂರು ಮನೆಯವರು ವಾರಕ್ಕೊಂದು ಸಂಜೆ ಕೂಡಿ. ಹಾಡು, ಒಂದು ಪಾಠ, ಕಾಫಿ. ಅಷ್ಟಾದರೆ ಸಾಕು.

ಕಷ್ಟದಲ್ಲಿರುವವರ ಮನೆಗೆ ನೀವು ಹೋಗುವವರಾದರೆ ಯೋಬನ ಗೆಳೆಯರನ್ನು ನೆನೆಯಿರಿ. ಅವರು ಮೊದಲ ಏಳು ದಿನ ಅವನ ಪಕ್ಕ ನೆಲದ ಮೇಲೆ ಸುಮ್ಮನೆ ಕೂತರು. ಅಲ್ಲಿಯವರೆಗೆ ಒಳ್ಳೆಯ ಗೆಳೆಯರೇ. ಬಾಯಿ ತೆರೆದ ಮೇಲೆ ಕೆಟ್ಟರು. "ನಿನ್ನ ವಿಶ್ವಾಸ ಸಾಲದು", "ಏನೋ ಪಾಪ ಇರಬೇಕು", "ಇದೂ ದೇವರ ಚಿತ್ತ" ಎಂಬ ಮೂರು ಮಾತು ಆಡಬೇಡಿ. ಕಸ ಗುಡಿಸಿಕೊಡಿ, ಹಸುವಿಗೆ ನೀರು ಕುಡಿಸಿ, ಮಕ್ಕಳಿಗೆ ತಲೆ ಬಾಚಿ.

ಇನ್ನೊಂದು ಎಚ್ಚರಿಕೆ. ನೊಂದವರ ಬಾಗಿಲಿಗೆ ಅದ್ಭುತ ಮಾರುವವರೂ ಬರುತ್ತಾರೆ. ಇಷ್ಟು ಕಾಣಿಕೆ ಕೊಟ್ಟರೆ ಸಾಲ ತೀರುತ್ತದೆ, ಮಾತ್ರೆ ಬಿಟ್ಟರೆ ಕಾಯಿಲೆ ವಾಸಿ ಎನ್ನುವವರನ್ನು ಬಾಗಿಲಿಂದಲೇ ಕಳಿಸಿ.

ನಾಲ್ಕು ವಾರದ ಮೇವು

ಎಲ್ಲಿಂದ ಶುರು ಮಾಡಲಿ ಎನ್ನುವವರಿಗೆ ಒಂದು ತಿಂಗಳ ಅಂದಾಜು ಇಲ್ಲಿದೆ.

• ಮೊದಲ ವಾರ: ನಿದ್ದೆ, ಊಟ, ನಡಿಗೆ. ಪ್ರಾರ್ಥನೆ ದಿನಕ್ಕೆ ಒಂದು ನಿಮಿಷ. ಮಲಗುವ ಮುನ್ನ ಶಿಲುಬೆ ಗುರುತು ಹಾಕಿಕೊಂಡರೂ ಆಯಿತು.
• ಎರಡನೇ ವಾರ: ಅದೇ ಹೊತ್ತು, ಅದೇ ಜಾಗದಲ್ಲಿ ದಿನಕ್ಕೊಂದು ಕೀರ್ತನೆ. ಹಿತವಾಗಲಿಲ್ಲವೆಂದು ಬಿಡಬೇಡಿ.
• ಮೂರನೇ ವಾರ: ಒಬ್ಬರಿಗೆ ಬಾಯಿಬಿಟ್ಟು ಹೇಳಿಕೊಳ್ಳಿ. ಭಾನುವಾರ ಚರ್ಚಿನ ಕೊನೆಯ ಬೆಂಚಿನಲ್ಲಾದರೂ ಕೂತು ಬನ್ನಿ. ಹಾಡಲೇಬೇಕೆಂದಿಲ್ಲ.
• ನಾಲ್ಕನೇ ವಾರ: ಇನ್ನೊಬ್ಬರಿಗಾಗಿ ಒಂದು ಕೆಲಸ. ಅದನ್ನು ಯಾರಿಗೂ ಹೇಳಬೇಡಿ.

ತಿಂಗಳು ಕಳೆದ ಮೇಲೂ ಏನೂ ಬದಲಾಗದಿದ್ದರೆ ಮತ್ತೆ ಮೊದಲ ವಾರದಿಂದ ಶುರುಮಾಡಿ. ಹೀಗೆ ಎರಡು ಮೂರು ಸುತ್ತು ಬಂದವರಲ್ಲಿ ನಾನೂ ಒಬ್ಬ.

ಚಿಕ್ಕವ್ವನಿಗೆ ಎಂಟು ತಿಂಗಳು ಹಿಡಿಯಿತು. ಅಷ್ಟರಲ್ಲಿ ಕೆಂದಸ ಕರು ಹಾಕಿ ಕ್ಯಾನು ತುಂಬತೊಡಗಿತ್ತು. ಅದನ್ನೂ ಇದನ್ನೂ ಸೇರಿಸಿ ಒಂದು ಚೆಂದದ ಕಥೆ ಕಟ್ಟಲು ನಾನು ಹೊರಟಾಗ ಅವಳು ಒಪ್ಪಲಿಲ್ಲ. "ಹಸ ಯಾವಾಗ ಈಯ್ತದೆ ಅಂತ ಡಾಕ್ಟ್ರು ಹೇಳ್ತಾರೆ. ಇದ್ಕೆ ಯಾವ ಡಾಕ್ಟ್ರು ಹೇಳಾರು?" ಎಂದಳು.

"ಮತ್ತೆ ಯಾವತ್ತು ವಾಪಸ್ ಬಂತು?"

"ಗೊತ್ತಾಗ್ನಿಲ್ಲ ಮಗ. ಒಂದಿನ ಡೈರೀಲಿ ಮುಂದ್ಗಡೆಯವ್ರು, ಅವ್ವ ನಿಮ್ದೇ ಸರದಿ, ಕ್ಯಾನ್ ತತ್ತಾ ಅಂದ್ರು. ಇನ್ನೂ ಒಂದ್ ಹತ್ ಮಣಿ ಉಳ್ದಿತ್ತು. ತಡೀರಪ್ಪಾ, ಹಿಂದ್ಲೋರು ಹಾಕ್ಲಿ, ನಂದು ಮುಗ್ದಿಲ್ಲ ಅಂದೆ."